ಪಹಣಿ ಗಣಕಯಂತ್ರಕ್ಕೆ ಬಂದ ಮೇಲೆ: ಕರ್ನಾಟಕದ ‘ಭೂಮಿ’ ಯೋಜನೆಯ ಒಂದು ಪ್ರಕರಣ ಅಧ್ಯಯನ

ತಂತ್ರಜ್ಞಾನದಿಂದ ಸಮಾಜದಲ್ಲಿ ಏನೇನು ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಸಾರ್ವಜನಿಕ ನೀತಿಯ ಸ್ನಾತಕೋತ್ತರ ಓದಿಗೆ ಬಂದವರ ಮುಂದೆ ಇಂದು ಮೊದಲು ಬರುವ ಉದಾಹರಣೆಗಳು ಸಾಮಾಜಿಕ ಜಾಲತಾಣ, ಮುಖ ಗುರುತಿಸುವ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ. ನಾನು ಆರಿಸಿಕೊಂಡಿರುವ ಪ್ರಕರಣ ಇವೆಲ್ಲಕ್ಕಿಂತ ಹಳೆಯದು. ಕರ್ನಾಟಕದ ಕಂದಾಯ ಇಲಾಖೆಯು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಎಂಬ ಹೆಸರಿನಲ್ಲಿ ರಾಜ್ಯದ ಪಹಣಿಗಳನ್ನೆಲ್ಲ, ಅಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆಗಳನ್ನೆಲ್ಲ, ಗಣಕೀಕರಿಸಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಎರಡು ಕೋಟಿಯಷ್ಟು ದಾಖಲೆಗಳು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಬಂದವು. ದೇಶದ ಇ-ಆಡಳಿತದ ಪಾಠಗಳಲ್ಲೆಲ್ಲ ಯಶಸ್ಸಿನ ಮಾದರಿಯಾಗಿ ನಿಂತ ಈ ಯೋಜನೆಯನ್ನೇ ಕೆಲವು ವರ್ಷಗಳ ನಂತರ ಕೆಲವು ಸಂಶೋಧಕರು ಭ್ರಷ್ಟಾಚಾರವನ್ನು ಹೆಚ್ಚಿಸಿದ ವ್ಯವಸ್ಥೆ ಎಂದು ಟೀಕಿಸಿದರು. ಎರಡೂ ಮಾತುಗಳಿಗೆ ಆಧಾರವಿದೆ. ಒಂದೇ ಯೋಜನೆಯ ಬಗ್ಗೆ ಇಷ್ಟು ವಿರುದ್ಧವಾದ ತೀರ್ಮಾನಗಳು ಹೇಗೆ ಸಾಧ್ಯವಾದವು ಎಂಬುದನ್ನು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪಹಣಿಯ ಸುತ್ತ ನಡೆಯುವ ಕೆಲಸ ಒಂದಲ್ಲ. ಇರುವ ದಾಖಲೆಯ ನಕಲು ಕೊಡುವುದು ಒಂದು ಕೆಲಸ. ಜಮೀನು ಕೈಬದಲಾದಾಗ ಹೆಸರು ಬದಲಿಸುವುದು ಇನ್ನೊಂದು. ದಾಖಲೆಯೇ ತಪ್ಪಾಗಿದ್ದಾಗ ಅದನ್ನು ತಿದ್ದುವುದು ಮತ್ತೊಂದು. ‘ಭೂಮಿ’ ಮೊದಲನೆಯದನ್ನು ನಿಜಕ್ಕೂ ಶುದ್ಧಗೊಳಿಸಿತು, ಎರಡನೆಯದನ್ನು ಅರ್ಧ ಮುಟ್ಟಿತು, ಮೂರನೆಯದನ್ನು ರೈತನಿಂದ ಇನ್ನಷ್ಟು ದೂರಕ್ಕೆ ಒಯ್ದಿತು. ಯೋಜನೆಯನ್ನು ಅಳೆದವರು ಯಾವ ಬಾಗಿಲಿನ ಮುಂದೆ ನಿಂತು ಅಳೆದರೋ ಅದಕ್ಕೆ ತಕ್ಕ ಉತ್ತರ ಅವರಿಗೆ ಸಿಕ್ಕಿತು.

ಪಹಣಿಗೆ ಇರುವ ತೂಕ

ಪಹಣಿಯನ್ನು, ಅಂದರೆ ಆರ್‌ಟಿಸಿಯನ್ನು, ಬರಿಯ ಜಮೀನಿನ ವಿವರಪಟ್ಟಿ ಎಂದುಕೊಂಡರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ ಮತ್ತು ಕಂದಾಯದ ಜೊತೆಗೆ ಅದರ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಆ ಜಮೀನು ಅವರಿಗೆ ಬಂದ ರೀತಿ, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತವೆ. ಬೆಳೆ ಸಾಲಕ್ಕೆ ಪಹಣಿ ಬೇಕು. ಬೆಳೆ ಹಾನಿಯಾದಾಗ ಪರಿಹಾರಕ್ಕೆ ಬೇಕು. ನ್ಯಾಯಾಲಯದಲ್ಲಿ ಯಾರಿಗಾದರೂ ಜಾಮೀನು ನಿಲ್ಲಬೇಕಾದರೂ ಬೇಕು. 1974ರ ಭೂಸುಧಾರಣೆ ತಿದ್ದುಪಡಿಯ ಕಾಲದಲ್ಲಿ ತಾವು ಉಳುವ ಜಮೀನಿನ ಒಡೆತನ ಕೋರಿ ಏಳನೇ ನಮೂನೆಯ ಅರ್ಜಿ ಹಾಕಿಕೊಂಡು ಭೂ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರಲ್ಲಿ ಯಾರ ಹೆಸರು ಸಾಗುವಳಿಯ ಕಾಲಂನಲ್ಲಿ ಇತ್ತು, ಯಾರದು ಇರಲಿಲ್ಲ ಎಂಬುದರ ಮೇಲೆ ಎಷ್ಟೋ ಕುಟುಂಬಗಳ ಮುಂದಿನ ಬದುಕು ನಿಂತಿತ್ತು.

ಕಾನೂನಿನ ದೃಷ್ಟಿಯಿಂದ ಪಹಣಿಯು ಒಡೆತನದ ಅಂತಿಮ ಪತ್ರವಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕು, ಅಷ್ಟೇ. ಆದರೆ ‘ಸಾಬೀತಾಗುವವರೆಗೆ’ ಎಂಬ ಷರತ್ತಿನ ಭಾರವನ್ನು ಹೊರುವವರು ಯಾರೆಂದು ಯೋಚಿಸಬೇಕು. ಸಿವಿಲ್ ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ಕಾಯಬಲ್ಲವರಿಗೆ ಪಹಣಿಯು ಒಂದು ಊಹೆ ಮಾತ್ರ. ಎರಡು ಎಕರೆಯ ರೈತನಿಗೆ ಅದೇ ಕೊನೆಯ ಮಾತು.

ಈ ದಾಖಲೆಯನ್ನು ಹಿಂದೆ ಬರೆಯುತ್ತಿದ್ದವರು ಶಾನುಭೋಗರು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯಿಂದ ವಂಶಪಾರಂಪರ್ಯದ ಆ ಹುದ್ದೆ ಹೋಗಿ ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. ಯೋಜನೆ ಆರಂಭವಾದಾಗ ರಾಜ್ಯದಲ್ಲಿ ಅಂಥ ಸುಮಾರು 9,000 ಲೆಕ್ಕಿಗರಿದ್ದರು. ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಹಳ್ಳಿಗಳ ದಫ್ತರ. ಊರಿನವರಿಗೆ ತಮ್ಮ ಪಹಣಿ ನೋಡಲು ಲೆಕ್ಕಿಗರು ಸಿಗಬೇಕು, ಸಿಕ್ಕಾಗ ಅವರಿಗೆ ಮನಸ್ಸು ಬರಬೇಕು. ಸರ್ಕಾರ ನಿಗದಿ ಮಾಡಿದ್ದ ಶುಲ್ಕ ಎರಡು ರೂಪಾಯಿ. ಕೈಗೆ ಪಹಣಿ ಬರುವ ಹೊತ್ತಿಗೆ ಖರ್ಚಾಗುತ್ತಿದ್ದುದು ಅದರ ಎಷ್ಟೋ ಪಟ್ಟು. ಯಾರೂ ನೋಡದ ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದನ್ನು ಸೇರಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಸರ್ಕಾರಿ ಗೋಮಾಳದ ಒತ್ತುವರಿಯನ್ನು ಖಾಸಗಿ ಹೆಸರಿಗೆ ಬರೆದುಕೊಂಡದ್ದೂ ಇಂಥ ಪುಸ್ತಕಗಳಲ್ಲಿಯೇ.

ಯೋಜನೆ ರೂಪುಗೊಂಡ ಬಗೆ

ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯತ್ನ ‘ಭೂಮಿ’ಯಲ್ಲ. 1991ರ ಸುಮಾರಿನಿಂದಲೇ ಕೇಂದ್ರ ಸರ್ಕಾರದ ಹಣದಿಂದ ಜಿಲ್ಲೆಗಳಲ್ಲಿ ಪ್ರಾಯೋಗಿಕ ಯೋಜನೆಗಳು ನಡೆದಿದ್ದವು. ಅವು ಸೋತ ಕಾರಣ ನೀತಿಯ ವಿದ್ಯಾರ್ಥಿಗಳಿಗೆ ಮುಖ್ಯವಾದುದು. ಜಿಲ್ಲಾ ಕೇಂದ್ರದಲ್ಲಿ ಕುಳಿತು ಹಳೆಯ ಪಹಣಿಗಳನ್ನು ಯಂತ್ರಕ್ಕೆ ತುಂಬಿಸಿದರೇ ಹೊರತು, ಹಳ್ಳಿಯಲ್ಲಿ ದಿನದಿನವೂ ಆಗುವ ಕ್ರಯ, ವಿಭಾಗ, ದಾನ, ಪೌತಿಗಳನ್ನು (ಒಡೆಯರು ತೀರಿಕೊಂಡಾಗಿನ ಬದಲಾವಣೆಗಳನ್ನು) ಅದರೊಳಗೆ ಸೇರಿಸುವ ದಾರಿಯನ್ನು ಮಾಡಿರಲಿಲ್ಲ. ತುಂಬಿಸಿ ಮುಗಿಯುವಷ್ಟರಲ್ಲಿ ದಾಖಲೆ ಹಳತಾಗಿರುತ್ತಿತ್ತು. ಕೈಬರಹದ ಪುಸ್ತಕ ಅಧಿಕೃತವಾಗಿಯೇ ಉಳಿದಿದ್ದರಿಂದ ಯಂತ್ರದ ಪ್ರತಿಯನ್ನು ಯಾರೂ ಕೇಳಲಿಲ್ಲ.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದೊಂದಿಗೆ ಕೆಲಸ ಮತ್ತೆ ಆರಂಭವಾದಾಗ ಈ ಎರಡು ದೋಷಗಳನ್ನು ನೇರವಾಗಿ ಸರಿಪಡಿಸಲಾಯಿತು. ಗಣಕಯಂತ್ರ ತಾಲ್ಲೂಕು ಕಚೇರಿಗೆ ಬಂತು. ಹಕ್ಕು ಬದಲಾವಣೆಯ ಅರ್ಜಿಯೂ ಅದರ ಮೂಲಕವೇ ಹೋಗಬೇಕಾಯಿತು. ಒಂದೊಂದು ತಾಲ್ಲೂಕಿನ ದತ್ತಾಂಶ ಸಿದ್ಧವಾದಂತೆ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಇಡೀ ಯೋಜನೆಯಲ್ಲಿ ಅತ್ಯಂತ ಧೈರ್ಯದ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ. ಅದು ತಂತ್ರಜ್ಞಾನದ ನಿರ್ಧಾರವಲ್ಲ, ಆಡಳಿತದ ನಿರ್ಧಾರ. ಹಳೆಯ ದಾರಿ ತೆರೆದೇ ಇದ್ದಿದ್ದರೆ ಹೊಸ ಯಂತ್ರ ಧೂಳು ತಿನ್ನುತ್ತಿತ್ತು.

ದತ್ತಾಂಶ ತುಂಬಿಸುವ ಕೆಲಸವನ್ನು ಖಾಸಗಿ ಸಂಸ್ಥೆಗಳು ಮಾಡಿದವು. ಮುದ್ರಿಸಿದ ಪ್ರತಿಗಳನ್ನು ಗ್ರಾಮ ಲೆಕ್ಕಿಗರು ಮೂಲ ಪುಸ್ತಕದೊಂದಿಗೆ ಹೋಲಿಸಿ, ಸರಿಯಿದೆಯೆಂದು ಸಹಿ ಹಾಕಿದರು. ಈ ಹಂತವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ತೊಡಕುಗಳ ಬೇರು ಇಲ್ಲಿಯೇ ಇದೆ. ಯಂತ್ರದಲ್ಲಿರುವುದು ಪುಸ್ತಕದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಲಾಯಿತು; ಪುಸ್ತಕದಲ್ಲಿರುವುದು ಹೊಲದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಲಿಲ್ಲ. ಅದನ್ನೂ ನೋಡಹೊರಟಿದ್ದರೆ ಯೋಜನೆ ಮುಗಿಯುತ್ತಲೇ ಇರಲಿಲ್ಲ ಎಂಬುದೂ ಸತ್ಯ. ರಾಜ್ಯದ ಹೆಚ್ಚಿನ ಭಾಗದಲ್ಲಿ ಮೂಲ ಸರ್ವೆ ಬ್ರಿಟಿಷರ ಕಾಲದ್ದು. ಅದಾದ ಮೇಲೆ ನಾಲ್ಕೈದು ತಲೆಮಾರುಗಳ ಪಾಲು ಪಂಚಾಯಿತಿ ನಡೆದಿದೆ. ಅಧಿಕಾರಿಗಳು ಮುಗಿಸಬಹುದಾದ ಕೆಲಸವನ್ನು ಆರಿಸಿಕೊಂಡರು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮುಗಿಸದೆ ಬಿಟ್ಟ ಕೆಲಸವೊಂದು ಇದೆ ಎಂಬುದನ್ನು ಯಶಸ್ಸಿನ ಕಥೆಗಳು ಬೇಗ ಮರೆತವು.

ಕಿಟಕಿಯಲ್ಲಿ ಕಂಡ ಬದಲಾವಣೆ

2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ಕೆಲಸ ಮಾಡುತ್ತಿದ್ದವು. ಸರ್ವೆ ನಂಬರು ಹೇಳಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿ ಪಡೆಯಬಹುದಿತ್ತು. ಅರ್ಜಿದಾರರಿಗೂ ಕಾಣುವಂತೆ ಹೊರಮುಖವಾಗಿ ಇನ್ನೊಂದು ಪರದೆ ಇಡಲಾಗಿತ್ತು. ಸಿಬ್ಬಂದಿ ತಂತ್ರಾಂಶದೊಳಗೆ ಹೋಗಲು ಗುಪ್ತಪದವಷ್ಟೇ ಸಾಲದೆ ಬೆರಳಚ್ಚು ಕೊಡಬೇಕಿತ್ತು. ಹಾಗಾಗಿ ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲಾಗುತ್ತಿತ್ತು. ‘ನಾನು ಮಾಡಿದ್ದಲ್ಲ’ ಎನ್ನುವ ದಾರಿ ಮುಚ್ಚಿತು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಬಳಕೆದಾರರ ಸಮೀಕ್ಷೆಯಲ್ಲಿ ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಡಬೇಕಾಗಿತ್ತೆಂದು ಹೇಳಿದವರು ಶೇ 66ರಷ್ಟು. ಭೂಮಿ ಕೇಂದ್ರದಲ್ಲಿ ಲಂಚ ಕೊಟ್ಟೆವೆಂದವರು ಶೇ 3. ಈ ಅಂತರವನ್ನು ಕಡೆಗಣಿಸುವ ಯಾವ ಟೀಕೆಯೂ ಪ್ರಾಮಾಣಿಕವಾಗಲಾರದು. ತಮ್ಮದೇ ಜಮೀನಿನ ದಾಖಲೆ ನೋಡಲು ಯಾರ ಮನೆಯ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ ಎಂಬುದು ಹಣದ ಉಳಿತಾಯಕ್ಕಿಂತ ದೊಡ್ಡದು. ಊರಿನ ಮೇಲುಜಾತಿಯ ಮನೆಯೊಳಗೆ ಕಾಲಿಡಲಾಗದ ರೈತನಿಗೆ, ಲೆಕ್ಕಿಗರೊಡನೆ ನೇರವಾಗಿ ಮಾತನಾಡುವ ರೂಢಿಯಿಲ್ಲದ ವಿಧವೆಗೆ, ತಾಲ್ಲೂಕು ಕಚೇರಿಯ ಕಿಟಕಿ ಎಷ್ಟೇ ದೂರವಾದರೂ ಹೆಚ್ಚು ಘನತೆಯ ಜಾಗವಾಗಿತ್ತು ಎಂದು ನಾನು ನಂಬುತ್ತೇನೆ.

ಇದು ಏಕೆ ಸಾಧ್ಯವಾಯಿತು ಎಂಬುದನ್ನೂ ಸ್ಪಷ್ಟವಾಗಿ ನೋಡಬೇಕು. ಇರುವುದನ್ನು ಇದ್ದ ಹಾಗೆ ನಕಲು ಮಾಡಿ ಕೊಡುವ ಕೆಲಸದಲ್ಲಿ ಯಾರೂ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಅಲ್ಲಿ ಇದ್ದ ಲಂಚವು ತೀರ್ಮಾನಕ್ಕೆ ಕೊಟ್ಟ ಬೆಲೆಯಲ್ಲ, ಬೀಗಕ್ಕೆ ಕೊಟ್ಟ ಬೆಲೆ. ಬೀಗ ತೆಗೆದ ಕೂಡಲೇ ಬೆಲೆ ಬಿತ್ತು. ಇದೇ ತರ್ಕವು ಮುಂದಿನ ಕೆಲಸಕ್ಕೆ ಹೊಂದುವುದಿಲ್ಲ.

ಹೆಸರು ಬದಲಿಸುವ ದಾರಿ

ಹಕ್ಕು ಬದಲಾವಣೆ, ಜನರ ಮಾತಿನಲ್ಲಿ ಮ್ಯುಟೇಷನ್ ಅಥವಾ ಖಾತೆ ಬದಲಾವಣೆ, ಬೇರೆಯದೇ ಬಗೆಯ ಕೆಲಸ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಬಂದ ಜೆ-ಸ್ಲಿಪ್ (ನೋಂದಣಿಯಾದ ವ್ಯವಹಾರದ ವಿವರ) ಅಥವಾ ವಾರಸುದಾರರು ಕೊಟ್ಟ ಅರ್ಜಿ ಭೂಮಿ ಕೇಂದ್ರದಲ್ಲಿ ದಾಖಲಾಗುತ್ತದೆ. ಯೋಜನೆ ಆರಂಭವಾದ ಕಾಲದ ಕ್ರಮದಂತೆ ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು, ಚಾವಡಿಯಲ್ಲಿ ಅದನ್ನು ಅಂಟಿಸಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು, ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಮಾಡಬೇಕು, ತಕರಾರು ಬಂದರೆ ಪ್ರಕರಣ ಮೇಲಿನವರಿಗೆ ಹೋಗಬೇಕು. ತಂತ್ರಾಂಶವು ಇಲ್ಲಿ ಸರದಿಯ ನಿಯಮವನ್ನು ತಂದಿತು: ಮೊದಲು ಬಂದ ಅರ್ಜಿ ಮೊದಲು. ಇದು ಸಣ್ಣ ಸುಧಾರಣೆಯಲ್ಲ. ದುಡ್ಡು ಕೊಟ್ಟವರ ಕಡತವನ್ನು ಮೇಲಕ್ಕೆಳೆಯುವ ಹಳೆಯ ಚಾಳಿಗೆ ಅದು ನೇರವಾದ ತಡೆ.

ಆದರೆ ಅರ್ಜಿಯ ಹಣೆಬರಹ ನಿರ್ಧಾರವಾಗುವ ಜಾಗಗಳು ಪರದೆಯ ಹೊರಗೇ ಉಳಿದವು. ನೋಟಿಸು ನಿಜಕ್ಕೂ ತಲುಪಿತೇ, ಅಥವಾ ತಲುಪಿದಂತೆ ಬರೆದುಕೊಳ್ಳಲಾಯಿತೇ? ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿತೇ? ಯಾರಾದರೂ ಕೊಟ್ಟ ತಕರಾರು ನಿಜವಾದದ್ದೇ, ಅಥವಾ ಕೆಲಸ ನಿಲ್ಲಿಸಲೆಂದೇ ಕೊಟ್ಟದ್ದೇ? ಇವನ್ನೆಲ್ಲ ಹಳ್ಳಿಗೆ ಹೋಗಿ ಮನುಷ್ಯರೇ ನೋಡಬೇಕು, ಮನುಷ್ಯರೇ ತೀರ್ಮಾನಿಸಬೇಕು. ಗ್ರಾಮ ಲೆಕ್ಕಿಗರ ಕೈಯಿಂದ ಪುಸ್ತಕ ಹೋಯಿತು, ವರದಿ ಹೋಗಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸುತ್ತದೆ. ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು, ಆ ಹೊತ್ತಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಹಕ್ಕನ್ನು ವಿಸ್ತರಿಸಿತು. ಆದರೂ ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ಅಣ್ಣತಮ್ಮಂದಿರ ಹೆಸರು ಮಾತ್ರ ಬರುವುದು, ಅಥವಾ ತವರಿನ ಬಳಕೆ ತಪ್ಪಬಾರದೆಂದು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ತಂತ್ರಾಂಶವು ತನಗೆ ಕೊಟ್ಟ ಹೆಸರುಗಳನ್ನು ಕ್ರಮಬದ್ಧವಾಗಿ ದಾಖಲಿಸುತ್ತದೆ. ಕೊಡದ ಹೆಸರು ಅದಕ್ಕೆ ಕಾಣುವುದಿಲ್ಲ. ಮೊದಲು ಇದ್ದ ಅನ್ಯಾಯವನ್ನು ಅದು ಹುಟ್ಟುಹಾಕಿತೆಂದು ಹೇಳಲಾಗದು. ಆದರೆ ಅದೇ ಅನ್ಯಾಯ ಈಗ ಸಂಖ್ಯೆ, ದಿನಾಂಕ, ಬೆರಳಚ್ಚುಗಳೊಂದಿಗೆ ನಿಲ್ಲುತ್ತದೆ, ಮತ್ತು ಅದನ್ನು ಪ್ರಶ್ನಿಸುವ ಹೆಣ್ಣುಮಗಳಿಗೆ ಎದುರಾಗುವ ದಾಖಲೆ ಮೊದಲಿಗಿಂತ ಹೆಚ್ಚು ಅಧಿಕೃತವಾಗಿ ಕಾಣುತ್ತದೆ.

ಬೆಂಗಳೂರಿನ ಸುತ್ತಲಿನ ವಿಮರ್ಶೆ

2007ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಅವರ ಸಹ ಸಂಶೋಧಕರು ಹೊರತಂದ ಅಧ್ಯಯನವು ‘ಭೂಮಿ’ಯ ಚರ್ಚೆಯನ್ನು ಬೇರೆ ದಾರಿಗೆ ತಿರುಗಿಸಿತು. ಜಮೀನಿನ ವ್ಯವಹಾರಗಳಲ್ಲಿ ಲಂಚದ ಪ್ರಮಾಣ ಏರಿದೆ, ಕೆಲಸಕ್ಕೆ ಹಿಡಿಯುವ ಸಮಯ ಹೆಚ್ಚಿದೆ, ದಾಖಲೆಗಳು ಒಂದೆಡೆ ಸೇರಿದ್ದರಿಂದ ನಗರದ ಅಂಚಿನಲ್ಲಿ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವ ಬಲಾಢ್ಯರಿಗೆ ಅನುಕೂಲವಾಗಿದೆ ಎಂಬುದು ಅವರ ಮುಖ್ಯ ವಾದ. ಹಳ್ಳಿಯ ಮಟ್ಟದಲ್ಲಿ ಸಣ್ಣ ರೈತನೂ ಮಾತುಕತೆಯಿಂದ, ಪರಿಚಯದಿಂದ, ಸ್ಥಳೀಯ ರಾಜಕೀಯದಿಂದ ಏನನ್ನಾದರೂ ಸಾಧಿಸಿಕೊಳ್ಳಲು ಇದ್ದ ಅವಕಾಶ ತಾಲ್ಲೂಕು ಮಟ್ಟಕ್ಕೆ ಹೋದಾಗ ಕಿರಿದಾಯಿತು ಎಂದು ಅವರು ಹೇಳಿದರು.

ಈ ವಾದವನ್ನು ಇಡಿಯಾಗಿ ಒಪ್ಪಲು ನನಗೆ ಕಷ್ಟ. ಹಳ್ಳಿಯ ಮಟ್ಟದ ಆ ಮಾತುಕತೆಯಲ್ಲಿ ಎಲ್ಲರಿಗೂ ಸಮಾನ ಸ್ಥಾನವಿತ್ತೆಂದು ಭಾವಿಸುವುದು ಅಪಾಯಕಾರಿ. ದಲಿತ ಕುಟುಂಬಕ್ಕೆ ಮಂಜೂರಾದ ಜಮೀನು ಅದೇ ‘ಸ್ಥಳೀಯ ಹೊಂದಾಣಿಕೆ’ಯಲ್ಲಿ ಕೈತಪ್ಪಿಹೋದದ್ದಕ್ಕೆ ನಮ್ಮ ಜಿಲ್ಲೆಗಳಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಆ ಬಗೆಯ ಪರಭಾರೆಯನ್ನು ತಡೆಯಲೆಂದೇ ರಾಜ್ಯವು 1978ರಲ್ಲಿ ವಿಶೇಷ ಕಾಯ್ದೆಯನ್ನು ಮಾಡಬೇಕಾಯಿತು. ಜೊತೆಗೆ, ಆ ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಜಮೀನಿನ ಬೆಲೆ ಏರಿದ ವೇಗವನ್ನು ನೋಡಿದರೆ, ದಾಖಲೆ ಕಾಗದದಲ್ಲಿಯೇ ಉಳಿದಿದ್ದರೂ ಲಂಚ ಏರುತ್ತಿತ್ತು ಎನ್ನಬಹುದು. ಯಾವುದು ಯಂತ್ರದಿಂದ ಆದದ್ದು, ಯಾವುದು ಮಾರುಕಟ್ಟೆಯಿಂದ ಆದದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಆದರೂ ಅವರ ಅಧ್ಯಯನದ ಒಂದು ಒಳನೋಟ ಉಳಿಯುತ್ತದೆ. ಎಲ್ಲರಿಗೂ ತೆರೆದಿಟ್ಟ ಮಾಹಿತಿಯು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರೈತನಿಗೆ ಬೇಕಾದುದು ತನ್ನ ಒಂದು ಸರ್ವೆ ನಂಬರಿನ ಪಹಣಿ. ನೂರಾರು ಎಕರೆ ಒಟ್ಟುಗೂಡಿಸಲು ಹೊರಟ ದಲ್ಲಾಳಿಗೆ ಒಂದು ಹಳ್ಳಿಯ ಎಲ್ಲ ಸರ್ವೆ ನಂಬರುಗಳ ಪಹಣಿಯೂ ಬೇಕು: ಯಾರ ಜಮೀನಿನ ಮೇಲೆ ಸಾಲವಿದೆ, ಯಾವುದರಲ್ಲಿ ಜಂಟಿ ಹೆಸರುಗಳಿವೆ, ಯಾವುದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಮೊದಲನೆಯವನಿಗೆ 15 ರೂಪಾಯಿಯ ಅನುಕೂಲ; ಎರಡನೆಯವನಿಗೆ ಇಡೀ ಹಳ್ಳಿಯ ದೌರ್ಬಲ್ಯಗಳ ನಕ್ಷೆ. ಪಾರದರ್ಶಕತೆಯನ್ನು ನೀತಿಯ ಗುರಿಯಾಗಿ ಬರೆಯುವಾಗ ಈ ಅಸಮಾನತೆಯನ್ನು ಯಾವ ಟಿಪ್ಪಣಿಯಲ್ಲೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ತಪ್ಪನ್ನು ತಿದ್ದಿಸಿಕೊಳ್ಳುವ ಪಾಡು

ನನ್ನನ್ನು ಈ ಪ್ರಕರಣಕ್ಕೆ ಹೆಚ್ಚು ಹತ್ತಿರ ತಂದದ್ದು ನಕಲಿನ ಕಿಟಕಿಯೂ ಅಲ್ಲ, ಬೆಂಗಳೂರಿನ ಜಮೀನಿನ ವ್ಯಾಪಾರವೂ ಅಲ್ಲ. ಯಾರೂ ಮೋಸ ಮಾಡದೆಯೂ ಆಗುವ ತಪ್ಪುಗಳು. ಒಂದು ಮಾದರಿ ಸನ್ನಿವೇಶ ಇಟ್ಟುಕೊಳ್ಳೋಣ. ಆರು ಎಕರೆಯ ಒಂದು ಸರ್ವೆ ನಂಬರು ಅಜ್ಜನ ಹೆಸರಿನಲ್ಲಿದೆ. ಮೂವರು ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬದು ಹಾಕಿಕೊಂಡು ಮೂವತ್ತು ವರ್ಷಗಳಿಂದ ಉಳುತ್ತಿದ್ದಾರೆ. ಒಬ್ಬರು ತಮ್ಮ ಪಾಲಿನಲ್ಲಿ ಅರ್ಧ ಎಕರೆಯನ್ನು ಹಿಂದೆ ಮಾರಿದ್ದಾರೆ. ಆ ಕ್ರಯ ಪಹಣಿಗೆ ಬಂದಿದೆ, ಆದರೆ ಅದಕ್ಕೆ ತಕ್ಕಂತೆ ಅಜ್ಜನ ವಿಸ್ತೀರ್ಣವನ್ನು ಕಡಿಮೆ ಮಾಡಿಲ್ಲ. ಈಗ 3ನೇ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಆರು ಎಕರೆ. 9ನೇ ಕಾಲಂನ ಹೆಸರುಗಳ ಮುಂದಿನ ವಿಸ್ತೀರ್ಣಗಳನ್ನು ಕೂಡಿದರೆ ಆರೂವರೆ. ಪುಸ್ತಕದಲ್ಲಿದ್ದಾಗ ಈ ತಪ್ಪು ಯಾರಿಗೂ ತೊಂದರೆ ಕೊಡದೆ ಮಲಗಿತ್ತು. ಯಂತ್ರಕ್ಕೆ ಕೂಡುವುದು ಕಳೆಯುವುದು ಗೊತ್ತು. ತಾಳೆಯಾಗದ ಸರ್ವೆ ನಂಬರಿನ ಮೇಲೆ ಮುಂದಿನ ವ್ಯವಹಾರ ನಿಲ್ಲುತ್ತದೆ. ‘ಮೂರು ಒಂಬತ್ತು ತಾಳೆಯಿಲ್ಲ’ ಎಂಬ ಮಾತು ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಪರಿಚಿತ.

ಅದನ್ನು ಸರಿಪಡಿಸಲು ಏನು ಬೇಕು? ಹಳೆಯ ಕೈಬರಹದ ಪಹಣಿಗಳ ನಕಲು, ಹಕ್ಕು ಬದಲಾವಣೆ ರಿಜಿಸ್ಟರಿನ ನಕಲು, ವಿಸ್ತೀರ್ಣ ಮತ್ತು ಕಂದಾಯ ಬರೆದ ಆಕಾರಬಂದ್, ಅಳತೆಯ ಟಿಪ್ಪಣಿ, ಕ್ರಯಪತ್ರ. ಆಮೇಲೆ ಭೂಮಾಪಕರ ಅಳತೆ, ಪೋಡಿ (ಅಂದರೆ ಸರ್ವೆ ನಂಬರನ್ನು ಪಾಲುಗಳಾಗಿ ಒಡೆಯುವುದು), ಒಂದೊಂದು ಪಾಲಿಗೂ ಹಿಸ್ಸಾ ನಂಬರು. ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ. ತಿದ್ದುಪಡಿಯ ಸ್ವರೂಪಕ್ಕೆ ತಕ್ಕಂತೆ ಆದೇಶ ಮಾಡುವವರು ತಹಶೀಲ್ದಾರರೋ ಉಪವಿಭಾಗಾಧಿಕಾರಿಗಳೋ ಎಂಬುದು ಬದಲಾಗುತ್ತದೆ. ಪುಸ್ತಕದ ಕಾಲದಲ್ಲಿ ಲೆಕ್ಕಿಗರು ತಮ್ಮ ಕೈಯಿಂದಲೇ ಅಂಕಿ ಬದಲಿಸಬಹುದಿತ್ತು. ಅದು ದುರುಪಯೋಗಕ್ಕೂ ದಾರಿ, ದುರಸ್ತಿಗೂ ದಾರಿ. ‘ಭೂಮಿ’ ಎರಡನ್ನೂ ಒಟ್ಟಿಗೆ ಮುಚ್ಚಿತು. ದುರುಪಯೋಗ ಮುಚ್ಚಿದ್ದು ಸರಿ. ದುರಸ್ತಿಗೆ ಬದಲಿ ದಾರಿಯನ್ನು ಅಷ್ಟೇ ಹತ್ತಿರದಲ್ಲಿ, ಅಷ್ಟೇ ಅಗ್ಗವಾಗಿ ಮಾಡಿಕೊಡದೆ ಇದ್ದದ್ದು ಈ ಯೋಜನೆಯ ದೊಡ್ಡ ಕೊರತೆ ಎಂದು ನಾನು ತಿಳಿಯುತ್ತೇನೆ. ಗಣಕೀಕರಣವಾಗಿ ದಶಕ ಕಳೆದ ಮೇಲೂ ಪಹಣಿ ತಿದ್ದುಪಡಿಗೆಂದು ಸರ್ಕಾರವು ಹೋಬಳಿಗಳಲ್ಲಿ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು ಎಂಬುದೇ ಆ ಕೊರತೆಯ ಗಾತ್ರವನ್ನು ತೋರಿಸುತ್ತದೆ. ಅದಾಲತ್ ಒಳ್ಳೆಯ ಕ್ರಮವೇ. ಅಧಿಕಾರಿ ದಾಖಲೆಯ ಜೊತೆ ಹಳ್ಳಿಯ ಹತ್ತಿರಕ್ಕೆ ಬರುತ್ತಾರೆ, ಅಕ್ಕಪಕ್ಕದ ಹೊಲದವರೂ ಅಲ್ಲೇ ಇರುತ್ತಾರೆ. ಅದು ನಿತ್ಯದ ವ್ಯವಸ್ಥೆಯಾಗದೆ ಆಗಾಗ ನಡೆಯುವ ಆಂದೋಲನವಾಗಿಯೇ ಉಳಿದದ್ದು ಬೇಸರದ ಸಂಗತಿ.

2012ರಿಂದ ಜಾರಿಯಾದ ಸಕಾಲ ವ್ಯವಸ್ಥೆಯು ಸೇವೆಗಳಿಗೆ ಕಾಲಮಿತಿ ತಂದಿತು. ಕಾಲಮಿತಿ ಅಳೆಯುವುದು ವಿಲೇವಾರಿಯನ್ನು. ಅವಧಿಯೊಳಗೆ ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ದಾಖಲೆ ಸರಿಯಾಯಿತೇ ಎಂಬ ಪ್ರಶ್ನೆಗೆ ಆ ಅಂಕಿಯಲ್ಲಿ ಉತ್ತರವಿಲ್ಲ.

ದಾಖಲೆಯ ಮೇಲೆ ದಾಖಲೆ

‘ಭೂಮಿ’ ಒಂಟಿಯಾಗಿ ನಿಂತಿದ್ದರೆ ತಪ್ಪಿನ ಪರಿಣಾಮಕ್ಕೂ ಒಂದು ಮಿತಿ ಇರುತ್ತಿತ್ತು. ಆದರೆ ನಂತರದ ವರ್ಷಗಳಲ್ಲಿ ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನ ಇಲಾಖೆಯ ‘ಮೋಜಿಣಿ’, ಬ್ಯಾಂಕುಗಳ ಸಾಲದ ನಮೂದು, ರೈತರ ನೋಂದಣಿಯ ‘ಫ್ರೂಟ್ಸ್’, ಮೊಬೈಲಿನಲ್ಲಿ ನಡೆಯುವ ಬೆಳೆ ಸಮೀಕ್ಷೆ, ಬೆಳೆ ವಿಮೆ, ಇವೆಲ್ಲವೂ ಅದಕ್ಕೆ ಜೋಡಣೆಯಾದವು. ಈ ಜೋಡಣೆಯಿಂದ ಒಳಿತೂ ಆಗಿದೆ. ಒಂದೇ ಜಮೀನನ್ನು ಇಬ್ಬರಿಗೆ ಮಾರುವುದು ಕಷ್ಟವಾಯಿತು. ಪರಿಹಾರದ ಹಣ ನೇರವಾಗಿ ಖಾತೆಗೆ ಬರುವಂತಾಯಿತು. ಅದರ ಜೊತೆಗೆ, ಪಹಣಿಯಲ್ಲಿ ಹೆಸರಿಲ್ಲದವರು ಎಲ್ಲ ಬಾಗಿಲುಗಳ ಮುಂದೆಯೂ ಒಟ್ಟಿಗೆ ಇಲ್ಲವಾದರು. ಪಿಎಂ-ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಪಡೆಯಲು ಜಮೀನು ಅರ್ಜಿದಾರರ ಹೆಸರಿನಲ್ಲಿರಬೇಕು. ತಂದೆಯ ಹೆಸರಿನಲ್ಲೇ ಉಳಿದ ಜಮೀನನ್ನು ಉಳುವ ಮಗನಿಗೆ, ಗೇಣಿಗೆ ಮಾಡುವವರಿಗೆ, ಗಂಡ ತೀರಿಹೋದ ಮೇಲೆ ಬೇಸಾಯ ನಡೆಸುವ ಹೆಂಗಸಿಗೆ ಅದು ಸಿಗುವುದಿಲ್ಲ. ಕರ್ನಾಟಕದಲ್ಲಿ ಗೇಣಿಯನ್ನು ಕಾನೂನು ಬಹುಮಟ್ಟಿಗೆ ನಿಷೇಧಿಸಿರುವುದರಿಂದ ಗೇಣಿದಾರರು ಯಾವ ಕಾಲಂನಲ್ಲಿಯೂ ಕಾಣಿಸಿಕೊಳ್ಳುವ ಧೈರ್ಯ ಮಾಡಲಾರರು. ಬರ ಬಿದ್ದ ವರ್ಷ ಬೆಳೆ ಕಳೆದುಕೊಳ್ಳುವವರು ಅವರು, ಪರಿಹಾರ ಹೋಗುವುದು ಪಹಣಿಯ ಹೆಸರಿಗೆ.

2024ರಲ್ಲಿ ಕಂದಾಯ ಇಲಾಖೆಯು ಪಹಣಿಗಳಿಗೆ ಆಧಾರ್ ಜೋಡಿಸುವ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಾಗ, ಲಕ್ಷಾಂತರ ಪಹಣಿಗಳು ತೀರಿಹೋದವರ ಹೆಸರಿನಲ್ಲಿಯೇ ಇರುವುದು ಅಧಿಕೃತವಾಗಿ ಬೆಳಕಿಗೆ ಬಂತು. ನನಗೆ ಇದು ಈ ಪ್ರಕರಣದ ಅತ್ಯಂತ ಗಂಭೀರ ಸಾಕ್ಷ್ಯ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಗಣಕೀಕೃತವಾಗಿ, ಬೆರಳಚ್ಚಿನ ಕಾವಲಿನಲ್ಲಿ, ಸರದಿಯ ನಿಯಮದಲ್ಲಿ ನಡೆದ ವ್ಯವಸ್ಥೆಯಲ್ಲಿ ಇಷ್ಟು ದೊಡ್ಡ ಭಾಗ ಬದುಕಿರುವವರನ್ನು ತಲುಪಿರಲಿಲ್ಲ. ಇದಕ್ಕೆ ಕಾರಣ ತಂತ್ರಾಂಶದ ದೋಷವಲ್ಲ. ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು; ಒಪ್ಪಿಗೆ ಬಂದರೆ ಪಾಲಿನ ಪ್ರಶ್ನೆ ಏಳುತ್ತದೆ; ಪಾಲೆಂದರೆ ಅಳತೆ, ಅಳತೆಯೆಂದರೆ ಭೂಮಾಪಕರಿಗಾಗಿ ಕಾಯುವುದು. ಇಷ್ಟು ಖರ್ಚು ಮತ್ತು ಮನಸ್ತಾಪಕ್ಕಿಂತ ಅಜ್ಜನ ಹೆಸರೇ ಇರಲಿ ಎಂದು ಕುಟುಂಬಗಳು ತೀರ್ಮಾನಿಸಿದರೆ ಅದನ್ನು ಅಜ್ಞಾನ ಎನ್ನಲಾಗದು.

ಈಗ ನಡೆಯುತ್ತಿರುವ ಪೌತಿ ಖಾತೆ ಅಭಿಯಾನವನ್ನು ಇದೇ ಹಿನ್ನೆಲೆಯಲ್ಲಿ ನೋಡಬೇಕು. ಎಷ್ಟು ಖಾತೆಗಳು ಬದಲಾದವು ಎಂಬ ಅಂಕಿಯೊಂದೇ ಸಾಲದು. ಬದಲಾದ ಪ್ರತಿ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟರಲ್ಲಿ ಸೇರಿದೆ, ಹಕ್ಕು ಬಿಡುಗಡೆಯ ಆಧಾರದ ಮೇಲೆ ಎಷ್ಟು ಹೆಸರುಗಳು ಬಿಟ್ಟುಹೋಗಿವೆ, ತಿರಸ್ಕೃತ ಅರ್ಜಿಗಳಲ್ಲಿ ವಿಸ್ತೀರ್ಣ ತಾಳೆಯಾಗದ ಕಾರಣದಿಂದ ನಿಂತವು ಎಷ್ಟು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಲು ಬೇಕಾದ ದತ್ತಾಂಶವೆಲ್ಲ ಇದೇ ತಂತ್ರಾಂಶದೊಳಗೆ ಇದೆ. ಅರ್ಜಿ ತಿರಸ್ಕರಿಸುವಾಗ ಯಾವ ಕಾರಣಕ್ಕೆ, ಯಾವ ದಾಖಲೆ ತಂದರೆ ಸರಿಹೋಗುತ್ತದೆ, ಯಾರ ಬಳಿ ಮೇಲ್ಮನವಿ ಹಾಕಬೇಕು ಎಂಬುದನ್ನು ಹೋಬಳಿಯ ಅದೇ ಕಿಟಕಿಯಲ್ಲಿ, ಕನ್ನಡದಲ್ಲಿ, ಪಹಣಿ ಮುದ್ರಿಸುವ ಅದೇ ಯಂತ್ರದಿಂದ ಬರೆದುಕೊಡಬಹುದು. ಇದಕ್ಕೆ ಕಾಯ್ದೆಯ ತಿದ್ದುಪಡಿಯಾಗಲಿ ಹೊಸ ಯೋಜನೆಯಾಗಲಿ ಬೇಕಾಗದು. ಕಂದಾಯ ಇಲಾಖೆಯ ಒಂದು ಸುತ್ತೋಲೆ ಮತ್ತು ತಂತ್ರಾಂಶದಲ್ಲಿ ಒಂದು ಹೆಚ್ಚುವರಿ ಮುದ್ರಣದ ಪುಟ ಸಾಕಾಗುತ್ತದೆ.